ದಂಡಿನ ಊರುಗಳಲ್ಲಿ ಒಂದು ಕರಿಹಲಗೆ

ನಮ್ಮ ನಾಡಿನ ಹಳೆಯ ಮಾತಿನಲ್ಲಿ ದಂಡು ಎಂಬುದಕ್ಕೆ ಎರಡು ಅರ್ಥಗಳುಂಟು. ಒಂದು ಸೈನ್ಯ, ಇನ್ನೊಂದು, ಆ ಸೈನ್ಯವು ಬೀಡುಬಿಟ್ಟಿರುವ ಊರಿನ ಭಾಗ. ಬೆಂಗಳೂರಿನ ಹಿರಿಯರು ದಂಡೆಂದು ಕರೆಯುವುದನ್ನೇ ಬೆಳಗಾವಿಯವರು ಕ್ಯಾಂಪು ಎನ್ನುತ್ತಾರೆ. ಹೆಸರು ಯಾವುದಾದರೇನು? ನೇರವಾದ ಬೀದಿಗಳು, ಸುಣ್ಣ ಬಳಿದ ಅಂಚುಗಲ್ಲುಗಳು, ದೊಡ್ಡ ದೊಡ್ಡ ಮರಗಳು, ಹೊತ್ತಿಗೆ ಸರಿಯಾಗಿ ಕೇಳಿಬರುವ ತುತ್ತೂರಿಯ ದನಿ, ಇವು ಎಲ್ಲ ದಂಡುಗಳಿಗೂ ಸಮಾನ. ಮದುವೆಯಾದಂದಿನಿಂದ ನಾವು ಇಂತಹ ಊರುಗಳಲ್ಲಿಯೇ ಬಾಳುತ್ತ ಬಂದಿದ್ದೇವೆ. ನಮ್ಮ ಯಜಮಾನರು ಭೂಸೇನೆಯ ಸಂದೇಶ ವಿಭಾಗದಲ್ಲಿ ಅಧಿಕಾರಿಗಳು. ನಾವು ಗಣಿತದ ಉಪಾಧ್ಯಾಯಿನಿ. ಅವರ ವೃತ್ತಿಯು ಅವರನ್ನು ಊರಿನಿಂದೂರಿಗೆ ಕರೆದೊಯ್ಯುತ್ತದೆ. ನಮ್ಮ ವೃತ್ತಿಯಾದರೋ ಒಂದೆಡೆ ಬೇರುಬಿಟ್ಟಲ್ಲದೆ ಬೆಳೆಯಲಾರದು. ಈ ಎರಡನ್ನೂ ಒಂದೇ ಸೂರಿನಡಿ ಹೊಂದಿಸಿಕೊಂಡು ಹೋದ ಕಥೆಯನ್ನು, ನಾವು ಕಂಡ ಊರುಗಳ ವರ್ಣನೆಯೊಂದಿಗೆ, ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ನಮ್ಮ ಅಪೇಕ್ಷೆಯಿತ್ತು.

೨೦೦೮ರಲ್ಲಿ ನಮ್ಮ ಮದುವೆಯಾದಾಗ ನಾವು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿದ್ದೆವು. ಹೊರಡುವ ಮುನ್ನಾ ದಿನ ಅತ್ತೆಯವರು ಪೇಡೆಯ ಪೊಟ್ಟಣವನ್ನು ಪೆಟ್ಟಿಗೆಯ ಮೂಲೆಯಲ್ಲಿಡುತ್ತ, "ಅಲ್ಲ ತಂಗಿ, ಊರಿಗೊಂದು ಸಾಲಿ ಹುಡುಕೂದು ಅಂದ್ರ ಅದ್ಯಾವ ಬಾಳೇವು? ಅವಗ ಸರಕಾರದ ಪಗಾರ ಐತಿ, ಸುಮ್ಮನ ಮನ್ಯಾಗ ಇರಬಾರದ?" ಎಂದರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಸೊಸೆಗೆ ದಣಿವಾದೀತೆಂಬ ಕಳವಳವಷ್ಟೆ ಇತ್ತು. ನಾವು ಮರುನುಡಿಯಲಿಲ್ಲ. ಆದರೆ ಪೇಡೆಯ ಪಕ್ಕದಲ್ಲಿಯೇ ಪದವಿಪತ್ರ, ಬಿ.ಎಡ್. ಪ್ರಮಾಣಪತ್ರ ಮತ್ತು ಶಾಲೆಯವರು ಕೊಟ್ಟ ಅನುಭವಪತ್ರಗಳನ್ನು ಒಂದು ನೀಲಿ ಕಡತದಲ್ಲಿ ಕಟ್ಟಿ ಇಟ್ಟೆವು. ಬಿಳಿಯ ಅಕ್ಷರಗಳಲ್ಲಿ ಹೆಸರು ಬರೆದ ಆ ಕರಿಯ ತಗಡಿನ ಪೆಟ್ಟಿಗೆಯೂ ಆ ನೀಲಿ ಕಡತವೂ ಅಂದಿನಿಂದ ನಮ್ಮ ಜೊತೆಗಾರರಾಗಿವೆ.

ಮೊದಲು ನಾವು ಕಂಡ ದಂಡು ಮಧ್ಯಪ್ರದೇಶದ ಮಹೂ. ಖಂಡ್ವಾದಿಂದ ಆಗಿನ್ನೂ ಮೀಟರ್ ಗೇಜಿನ ಚಿಕ್ಕ ಗಾಡಿಯೇ ಓಡುತ್ತಿತ್ತು. ಅದು ನರ್ಮದೆಯನ್ನು ದಾಟಿ, ಕಾಲಾಕುಂಡದ ಬಳಿ ಏದುತ್ತ ಘಟ್ಟವನ್ನೇರಿ, ಪಾತಾಳಪಾನಿಯ ಜಲಪಾತದ ಮಗ್ಗುಲಿನಿಂದ ಮಾಳವದ ಪ್ರಸ್ಥಭೂಮಿಗೆ ಬಂದು ನಿಂತಾಗ, ಕಿಟಕಿಯಿಂದ ಹೊರಗೆ ನೋಡಿದ ನಮಗೆ ಒಂದು ಬಗೆಯ ಸಮಾಧಾನವಾಯಿತು. ಏಕೆಂದರೆ ಕಣ್ಣು ಹಾಯುವವರೆಗೂ ಇದ್ದದ್ದು ಎರೆಮಣ್ಣು! ನಮ್ಮ ಧಾರವಾಡದ ಮೂಡಲ ಸೀಮೆಯಲ್ಲಿ ಮಳೆ ಬಿದ್ದಾಗ ಕಾಲಿಗೆ ಮೆತ್ತಿಕೊಳ್ಳುವ ಅದೇ ಕರಿಯ ನೆಲ.

ಈ ಊರನ್ನು ೧೮೧೮ರಲ್ಲಿ, ಮಂದಸೌರದ ಒಪ್ಪಂದವಾದ ಬಳಿಕ, ಜಾನ್ ಮಾಲ್ಕಮ್ ಎಂಬ ಬ್ರಿಟಿಷ್ ಸೇನಾನಿಯು ದಂಡಿನ ನೆಲೆಯನ್ನಾಗಿ ಮಾಡಿದನು. ಇಂಗ್ಲಿಷಿನ ನಾಲ್ಕು ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿ ಮಹೂ ಎಂಬ ಹೆಸರಾಯಿತೆಂದು ಅಲ್ಲಿ ಅನೇಕರು ಹೇಳುವುದುಂಟು. ಅದು ಕಟ್ಟುಕಥೆ, ಮೌ ಎಂಬ ಹಳ್ಳಿಯ ಹೆಸರೇ ಊರಿಗೆ ಬಂದಿದೆ. ೧೮೯೧ರ ಏಪ್ರಿಲ್ ೧೪ರಂದು ಡಾಕ್ಟರ್ ಅಂಬೇಡ್ಕರರು ಹುಟ್ಟಿದ್ದು ಈ ದಂಡಿನಲ್ಲಿಯೇ. ೨೦೦೩ರಲ್ಲಿ ಊರಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರ ತಂದೆಯವರಾದ ರಾಮಜೀ ಸಕಪಾಲರು ಸೇನೆಯ ಸುಬೇದಾರರು ಮತ್ತು ಸೈನಿಕಶಾಲೆಯ ಉಪಾಧ್ಯಾಯರು. ದಂಡಿನಲ್ಲಿ ಪಾಠ ಹೇಳಿದವರ ಮನೆಯಿಂದ ಎಂತಹ ದೀಪವು ಬೆಳಗಿತೆಂಬುದನ್ನು ನೆನೆದು, ಆ ಸ್ಮಾರಕದ ಮುಂದೆ ಹಾದುಹೋಗುವಾಗಲೆಲ್ಲ ನಮಗೆ ನಮ್ಮ ಸಣ್ಣ ವೃತ್ತಿಯ ವಿಷಯದಲ್ಲಿ ಧೈರ್ಯ ಹುಟ್ಟುತ್ತಿತ್ತು.

ಧೈರ್ಯದ ಅವಶ್ಯಕತೆಯೂ ಇತ್ತೆನ್ನಿ. ಮಹೂವಿನ ಒಂದು ಖಾಸಗಿ ಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಗಳ ಗಣಿತವು ನಮ್ಮ ಪಾಲಿಗೆ ಬಂತು. ಪುಸ್ತಕವು ಇಂಗ್ಲಿಷಾದರೂ ಮಕ್ಕಳಿಗೆ ಬಿಡಿಸಿ ಹೇಳಬೇಕಾದದ್ದು ಹಿಂದಿಯಲ್ಲಿ. ಸಂಸ್ಕೃತದ ಶಬ್ದಗಳೆಲ್ಲ ಎರಡೂ ಭಾಷೆಗಳಿಗೆ ಒಂದೇ ಎಂಬ ಭರವಸೆಯಿಂದ ನಾವು ಹೊರಟೆವು. ತ್ರಿಭುಜ ಸರಿಯಾಯಿತು, ಭಿನ್ನವೂ ನಡೆಯಿತು. ಒಂದು ದಿನ ಹುಡುಗನೊಬ್ಬನು ಸಮಕೋಣವನ್ನು ತೋರಿಸೆಂದನು. ಸಮಕೋನವೆಂದರೆ ಸಮನಾದ ಕೋನಗಳೆಂದು ಬಗೆದು ನಾವು ಹಲಗೆಯ ಮೇಲೆ ಎರಡು ಸಮನಾದ ಕೋನಗಳನ್ನು ಬರೆದೆವು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವು ಲಂಬಕೋನವೆನ್ನುವುದನ್ನೇ ಹಿಂದಿಯವರು ಸಮಕೋಣವೆನ್ನುವರು! ಅಂದಿನ ಸಂಜೆಯೇ ನೆರೆಯ ಹವಾಲ್ದಾರರ ಪತ್ನಿಯ ಬಳಿ ಕುಳಿತು ಸವಾ, ಡೇಢ, ಢಾಯಿ ಎಂಬ ಲೆಕ್ಕದ ಮಾತುಗಳನ್ನೆಲ್ಲ ಕಲಿತುಕೊಂಡೆವು. ಅವರು ನಮಗೆ ಹಿಂದಿ ಕಲಿಸಿದರು. ನಾವು ಅವರ ಮಗನಿಗೆ ಮಗ್ಗಿ ಕಲಿಸಿದೆವು. ಊರು ಬದಲಾದಾಗ ಉಪಾಧ್ಯಾಯಿನಿಯು ಮೊದಲು ವಿದ್ಯಾರ್ಥಿನಿಯಾಗಬೇಕೆಂಬ ಪಾಠವು ನಮಗಾದದ್ದು ಹೀಗೆ.

೨೦೧೦ರಲ್ಲಿ ಜಬಲಪುರಕ್ಕೆ ವರ್ಗವಾಯಿತು. ಅಲ್ಲಿ ನಮ್ಮ ಮಗಳು ಹುಟ್ಟಿದಳು. ಭೇಡಾಘಾಟಿನ ಹಾಲುಗಲ್ಲಿನ ಕಣಿವೆಯಲ್ಲಿ ನರ್ಮದೆಯು ಹರಿಯುವ ಸೊಬಗನ್ನು ಕೂಸನ್ನೆತ್ತಿಕೊಂಡು ಕಂಡದ್ದುಂಟು. ಶಾಲೆಯ ಕೆಲಸವು ಮಾತ್ರ ಕಡೆಯ ಆರು ತಿಂಗಳಷ್ಟೇ ದೊರೆಯಿತು. ಮಹೂವಿನ ಎರಡು ವರ್ಷಗಳ ಅನುಭವವನ್ನು ಅಲ್ಲಿ ಯಾರೂ ಸಂಬಳಕ್ಕೆ ಎಣಿಸಲಿಲ್ಲ. ಹೊಸಬರಿಗೆ ಎಷ್ಟೋ ನಮಗೂ ಅಷ್ಟೇ.

ಇಲ್ಲಿ ಸೇನೆಯ ಕ್ರಮವನ್ನು ಸ್ವಲ್ಪ ವಿವರಿಸುವುದು ಯುಕ್ತ. ಸೇನೆಯವರ ನೇಮಕಗಳು ಬಹುಮಟ್ಟಿಗೆ ಎರಡು ಮೂರು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಶಾಂತಿಯ ಠಾಣ್ಯಗಳಲ್ಲಿ ಸಂಸಾರವು ಜೊತೆಯಲ್ಲಿರಬಹುದು. ಗಡಿಯ ಠಾಣ್ಯಗಳಿಗೆ ಸಂಸಾರಕ್ಕೆ ಪ್ರವೇಶವಿಲ್ಲ. ೨೦೧೨ರಲ್ಲಿ ನಮ್ಮ ಯಜಮಾನರಿಗೆ ಈಶಾನ್ಯದ ಗಡಿಗೆ ಅಪ್ಪಣೆಯಾಯಿತು. ನಾವು ಮಗಳೊಂದಿಗೆ ಬೆಳಗಾವಿಗೆ ಬಂದೆವು.

ಬೆಳಗಾವಿಯೆಂದರೆ ಮರಾಠಾ ಲಘು ಪದಾತಿದಳದ ಕೇಂದ್ರಸ್ಥಾನ. ಹೊಸ ಸೈನಿಕರು ಬೆಳಗಿನ ಮಂಜಿನಲ್ಲಿ ಓಡುವ ಹೆಜ್ಜೆಯ ಸಪ್ಪಳದಿಂದಲೇ ಕ್ಯಾಂಪಿನಲ್ಲಿ ಬೆಳಗಾಗುತ್ತದೆ. ಮಗ್ಗುಲಲ್ಲೇ ರಟ್ಟರ ಕಾಲದ ಕೋಟೆ. ಅದರೊಳಗೆ ೧೨೦೪ರಲ್ಲಿ ಕಟ್ಟಿದ ಕಮಲಬಸದಿ. ಅದರ ಛಾವಣಿಯಿಂದ ಇಳಿಬಿದ್ದಿರುವ ಕಲ್ಲಿನ ಕಮಲವನ್ನು ತಲೆಯೆತ್ತಿ ನೋಡಿದಷ್ಟೂ ತೃಪ್ತಿಯಿಲ್ಲ. ೧೯೨೪ರಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು ನಡೆದದ್ದೂ ಈ ಊರಿನಲ್ಲಿ. ಧಾರವಾಡವು ಸುಮಾರು ೭೫ ಕಿಲೋಮೀಟರು. ಹಬ್ಬಕ್ಕೆ ಹೋಗಿಬರಲು ಅಡ್ಡಿಯಿಲ್ಲ. ಅತ್ತೆಯವರಿಗೆ ನಾವು ಕುಂದಾ ಒಯ್ಯುವೆವು, ಅವರು ಪೇಡೆ ಕೊಟ್ಟು ಕಳಿಸುವರು.

ಅಲ್ಲಿಯ ಶಾಲೆಯೊಂದರಲ್ಲಿ ಒಂಬತ್ತು ಹತ್ತನೆಯ ತರಗತಿಗಳ ಗಣಿತವನ್ನು ನಮಗೊಪ್ಪಿಸಿದರು. ಕನ್ನಡ, ಮರಾಠಿ, ಹಿಂದಿ ಮೂರೂ ಆಡುವ ಮಕ್ಕಳು. ಮೂರರಲ್ಲಿಯೂ ನಾವು ಈಗ ಲಂಬಕೋನವನ್ನು ಹೇಳಬಲ್ಲವರಾಗಿದ್ದೆವು! ಎರಡು ವರ್ಷಗಳಲ್ಲಿ ನಾವು ನಮ್ಮ ವೃತ್ತಿಯ ನಿಜವಾದ ಸುಖವನ್ನು ಕಂಡೆವು. ಒಂಬತ್ತರಲ್ಲಿ ಬೀಜಗಣಿತಕ್ಕೆ ಅಂಜುತ್ತಿದ್ದ ಮಗುವು ಹತ್ತರಲ್ಲಿ ತಾನಾಗಿಯೇ ಎದ್ದು ಹಲಗೆಯ ಬಳಿಗೆ ಬರುವುದನ್ನು ಕಾಣಬೇಕಾದರೆ ಉಪಾಧ್ಯಾಯರು ಒಂದೇ ಊರಿನಲ್ಲಿರಬೇಕು. ಆ ಭಾಗ್ಯವು ನಮಗೆ ಅಲ್ಲಿಯವರೆಗೂ ಒದಗಿರಲಿಲ್ಲ.

೨೦೧೪ರ ಬೇಸಗೆಯಲ್ಲಿ ಎರಡು ಸಮಾಚಾರಗಳು ಒಂದೇ ವಾರದಲ್ಲಿ ಬಂದವು. ಮುಖ್ಯೋಪಾಧ್ಯಾಯಿನಿಯವರು ನಮ್ಮನ್ನು ಕರೆದು, ಜೂನ್ ತಿಂಗಳಿನಿಂದ ನಿಮ್ಮನ್ನು ಖಾಯಂ ಮಾಡುತ್ತೇವೆಂದರು. ಮೂರು ದಿನಗಳ ಬಳಿಕ ಗಡಿಯಿಂದ ಯಜಮಾನರ ದೂರವಾಣಿ: ವೆಲಿಂಗ್ಟನ್ನಿನ ರಕ್ಷಣಾ ಸೇವಾ ಸಿಬ್ಬಂದಿ ಕಾಲೇಜಿನ ಶಿಕ್ಷಣಕ್ಕೆ ತಮ್ಮ ಆಯ್ಕೆಯಾಗಿದೆ, ಅಲ್ಲಿ ಸಂಸಾರದೊಂದಿಗೆ ಇರಬಹುದು. ಜೂನಿನಿಂದ ಏಪ್ರಿಲಿನವರೆಗೆ, ಹನ್ನೊಂದು ತಿಂಗಳು ಸಹ ತುಂಬದು.

ಅಂದು ಸಂಜೆ ನಾವು ಮಗಳನ್ನು ಕರೆದುಕೊಂಡು ಕೋಟೆಯ ಕಂದಕದ ಬಳಿ ಬಹಳ ಹೊತ್ತು ಕುಳಿತೆವು. ಖಾಯಮಾದ ಕೆಲಸವೆಂದರೆ ಏನೆಂಬುದನ್ನು ಊರೂರು ಅಲೆದವರೇ ಬಲ್ಲರು. ನಾವು ದುಡಿದ ಆ ವರ್ಷಗಳಲ್ಲಿ ನಡೆಯುತ್ತಿದ್ದ ೧೯೭೨ರ ಉಪದಾನದ ಕಾನೂನಿನಂತೆ, ಒಂದೇ ಸಂಸ್ಥೆಯಲ್ಲಿ ಐದು ವರ್ಷ ಎಡೆಬಿಡದೆ ದುಡಿದವರಿಗೆ ಮಾತ್ರ ಗ್ರಾಚ್ಯುಯಿಟಿಯ ಹಕ್ಕು. ಎರಡೆರಡು ವರ್ಷಗಳಂತೆ ಐದು ಶಾಲೆಗಳಲ್ಲಿ ಹತ್ತು ವರ್ಷ ದುಡಿದವಳ ಲೆಕ್ಕವು ಸೊನ್ನೆ. ಇದು ನಮ್ಮದೇ ಗಣಿತ. ಯಾವ ವಿದ್ಯಾರ್ಥಿಗೂ ಹೇಳಿಕೊಡಲಾಗದ್ದು. ಇನ್ನೊಂದು ಕಡೆ, ನಾಲ್ಕು ವರ್ಷದ ಮಗಳು ತಂದೆಯನ್ನು ಎರಡು ವರ್ಷಗಳಲ್ಲಿ ಕಂಡದ್ದು ರಜೆಯ ದಿನಗಳಲ್ಲಿ ಮಾತ್ರ. ದೂರವಾಣಿಯ ಯಂತ್ರವನ್ನೇ ಅವಳು ಅಪ್ಪ ಎಂದು ಕರೆಯುತ್ತಿದ್ದಳು. ಮುಂದೆ ಮತ್ತೆ ಗಡಿಗೆ ಹೋಗುವುದು ತಪ್ಪದು. ಈ ಹನ್ನೊಂದು ತಿಂಗಳು ಕಳೆದರೆ ಮರಳಿ ಬಾರವು.

ಯಜಮಾನರು ಬಾ ಎಂದು ಒತ್ತಾಯಿಸಲಿಲ್ಲ. "ನೀನು ಬೆಳಗಾವಿಯಲ್ಲಿಯೇ ನಿಂತರೂ ನನಗೆ ಅಸಮಾಧಾನವಿಲ್ಲ" ಎಂದರು. ಬಹುಶಃ ಒತ್ತಾಯಿಸಿದ್ದರೆ ಸುಲಭವಾಗುತ್ತಿತ್ತು. ತಪ್ಪನ್ನು ಅವರ ಮೇಲೆ ಹೊರಿಸಬಹುದಾಗಿತ್ತು. ನಾವು ಹೊರಟೆವು. ಹತ್ತನೆಯ ತರಗತಿಗೆ ಬಂದಿದ್ದ ಹುಡುಗಿಯೊಬ್ಬಳು, "ನಮ್ಮ ಪರೀಕ್ಷೆ ಮುಗಿಯುವವರೆಗಾದರೂ ಇರಬಾರದಿತ್ತೆ, ಟೀಚರ್?" ಎಂದು ಕೇಳಿದಳು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಮೆಟ್ಟುಪಾಳಯದಿಂದ ನೀಲಗಿರಿಯ ಉಗಿಬಂಡಿಯನ್ನೇರಿದೆವು. ಕಲ್ಲಾರಿನಿಂದ ಮುಂದೆ ಹಳಿಗಳ ನಡುವೆ ಹಲ್ಲುಗಳುಳ್ಳ ಮೂರನೆಯ ಹಳಿಯೊಂದುಂಟು. ಎಂಜಿನ್ನಿನ ಕೆಳಗಿನ ಹಲ್ಲುಗಾಲಿಯು ಅದನ್ನು ಕಚ್ಚಿ ಹಿಡಿದು, ಬಂಡಿಯನ್ನು ಹಿಂದಿನಿಂದ ನೂಕುತ್ತ ಬೆಟ್ಟವನ್ನೇರುತ್ತದೆ. ೧೮೯೯ರಲ್ಲಿ ಕೂನೂರಿನವರೆಗೂ ೧೯೦೮ರಲ್ಲಿ ಉದಕಮಂಡಲದವರೆಗೂ ಬಂದ ಈ ೪೬ ಕಿಲೋಮೀಟರುಗಳ ದಾರಿಯು ೨೦೦೫ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಸುರಂಗಗಳಲ್ಲಿ ಮಗಳು ಕಿರುಚಿದಾಗಲೆಲ್ಲ ಅವಳ ತಂದೆಯೂ ಸಣ್ಣ ಹುಡುಗನಂತೆ ಕಿರುಚಿದರು. ನಾವು ಮಾತ್ರ ಆ ಹಲ್ಲುಹಳಿಯನ್ನೇ ನೋಡುತ್ತ, ಜಾರುವ ದಾರಿಯಲ್ಲಿ ಕಚ್ಚಿ ಹಿಡಿಯಲು ನಮಗೂ ಏನಾದರೊಂದು ಇರಬಾರದೆ ಎಂದುಕೊಂಡೆವು.

ವೆಲಿಂಗ್ಟನ್ ಕೂನೂರಿಗೆ ಅಂಟಿಕೊಂಡಂತೆಯೇ ಇದೆ. ಸಮುದ್ರಮಟ್ಟದಿಂದ ಆರು ಸಾವಿರ ಅಡಿಗಳ ಆಸುಪಾಸಿನ ಎತ್ತರ. ಇಳಿಜಾರುಗಳಲ್ಲಿ ಕತ್ತರಿಸಿ ಸಮಮಾಡಿದ ಚಹದ ತೋಟಗಳು, ನೀಲಗಿರಿ ಮರಗಳ ಪರಿಮಳ, ಮಧ್ಯಾಹ್ನವೇ ಮನೆಯೊಳಗೆ ನುಗ್ಗುವ ಮಂಜು. ಮೊದಲು ಜಕ್ಕತಲವೆಂದಿದ್ದ ಈ ಸ್ಥಳಕ್ಕೆ ಇಂಗ್ಲಿಷರು ವೆಲಿಂಗ್ಟನ್ ಡ್ಯೂಕನ ಹೆಸರನ್ನಿಟ್ಟರು; ೧೭೯೯ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಬಂದ ದಂಡಿನಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಆತ. ಮದ್ರಾಸ್ ರೆಜಿಮೆಂಟಿನ ಕೇಂದ್ರವೂ ಇಲ್ಲಿದೆ. ಸಿಬ್ಬಂದಿ ಕಾಲೇಜು ೧೯೦೫ರಲ್ಲಿ ದೇವಳಾಲಿಯಲ್ಲಿ ಹುಟ್ಟಿ, ೧೯೦೭ರಲ್ಲಿ ಕ್ವೆಟ್ಟಾಕ್ಕೆ ಹೋಗಿ, ದೇಶವಿಭಜನೆಯಾದಾಗ, ೧೯೪೭ರಲ್ಲಿ, ಭಾರತದ ಪಾಲು ಇಲ್ಲಿಗೆ ಬಂದು ನೆಲೆಸಿತು. ಅದರ ಲಾಂಛನವು ಗೂಬೆ! ನಮ್ಮಲ್ಲಿ ಗೂಬೆಯು ಅಪಶಕುನ, ಅಲ್ಲಿ ಜ್ಞಾನದ ಗುರುತು. ಅತ್ತೆಯವರಿಗೆ ದೂರವಾಣಿಯಲ್ಲಿ ಇದನ್ನು ತಿಳಿಸಿದಾಗ ಅವರು, "ಶಿವಾ, ಬಾಗಿಲಿಗೆ ಬೇವಿನ ಟೊಂಗಿ ಕಟ್ಟವಾ" ಎಂದರು.

ನೀಲಿ ಕಡತವನ್ನು ಹಿಡಿದು ನಾವು ಕೂನೂರಿನಲ್ಲಿ ಮೂರು ಶಾಲೆಗಳಿಗೆ ಹೋದೆವು. ಎಲ್ಲೆಡೆಯೂ ಸೌಜನ್ಯದಿಂದಲೇ ಮಾತನಾಡಿಸಿದರು. ಎಲ್ಲೆಡೆಯೂ ಎರಡನೆಯ ಪ್ರಶ್ನೆ ಒಂದೇ: "ನಿಮ್ಮ ಯಜಮಾನರು ಕಾಲೇಜಿನಲ್ಲಿ ಓದಲು ಬಂದವರೋ?" ಹೌದೆಂದೊಡನೆ ಕಡತವು ಮೃದುವಾಗಿ ಮುಚ್ಚಿ ನಮ್ಮ ಕೈಗೆ ಬರುತ್ತಿತ್ತು. ಅವರನ್ನು ದೂರಲಾರೆವು; ವರ್ಷದ ಪಾಠ ಮುಗಿಯುವ ಮುನ್ನ ಗಂಟುಕಟ್ಟುವವಳಿಗೆ ತರಗತಿಯನ್ನು ಯಾರು ಒಪ್ಪಿಸುವರು? ಆ ವರ್ಷ ನಮ್ಮಂತೆ ಬಂದ ಹೆಂಗಸರಲ್ಲಿ ದಂತವೈದ್ಯೆಯಿದ್ದರು, ವಕೀಲೆಯಿದ್ದರು, ಬ್ಯಾಂಕಿನ ಕೆಲಸ ಬಿಟ್ಟು ಬಂದವರಿದ್ದರು. ಚಹದ ಕೂಟಗಳಲ್ಲಿ ಅವರೆಲ್ಲರೂ ಗಂಡಂದಿರ ಹೆಸರಿನಿಂದಲೇ ಪರಿಚಿತರು.

ಐಪ್ಪಸಿಯ ಮಳೆ ಹಿಡಿದ ದಿನಗಳವು. ವಾರಕ್ಕೆರಡು ಸಲ ಬಡಗರ ಹೆಂಗಸೊಬ್ಬಳು ತನ್ನ ಹೊಲದ ಗಜ್ಜರಿ, ಎಲೆಕೋಸು, ಆಲೂಗಡ್ಡೆಗಳನ್ನು ತರುತ್ತಿದ್ದಳು. ಒಂದು ದಿನ ಅವಳು ಎಲೆಕೋಸುಗಳನ್ನು ಬುಟ್ಟಿಯಿಂದ ತೆಗೆದಿಡುತ್ತ, ಒಂದು, ಎರಡು, ಮೂರು ಎಂದು ತನ್ನಷ್ಟಕ್ಕೆ ಎಣಿಸಿದಳು. ನಾವು ಬೆಚ್ಚಿಬಿದ್ದೆವು. ಬಡಗರ ನುಡಿಯು ಕನ್ನಡದ ಹತ್ತಿರದ ಬಳಗದ್ದು. ಅವರ ಊರು ಹಟ್ಟಿ, ಬಿಡಾರ ಮನೆ, ಕುಡಿಯುವುದು ಹಾಲು, ಆಚರಿಸುವುದು ಹಬ್ಬ. ಬಡಗ ಎಂಬ ಹೆಸರೇ ಬಡಗಣ ದಿಕ್ಕಿನಿಂದ ಬಂದವರೆಂಬುದನ್ನು ಸೂಚಿಸುತ್ತದೆ. ನಾಲ್ಕು ತಿಂಗಳಿನಿಂದ ಹಿಂದಿ ಇಂಗ್ಲಿಷುಗಳಲ್ಲಿಯೇ ದಿನ ಕಳೆದಿದ್ದ ನಮಗೆ, ಆ ಮಂಜಿನಲ್ಲಿ ಯಾರೋ ತವರಿನಿಂದ ಕರೆದಂತಾಯಿತು. ಮಾತಿಗೆ ಮಾತು ಬೆಳೆಯಿತು. ಅವಳ ಮಗಳು ಹತ್ತನೆಯ ತರಗತಿ. ಅರ್ಧವಾರ್ಷಿಕದ ಗಣಿತದಲ್ಲಿ ತಪ್ಪಿದ್ದಳು. ಇನ್ನೊಮ್ಮೆ ತಪ್ಪಿದರೆ ಚಹದ ಎಲೆ ಕೀಳಲು ಕಳಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು.

ಮರುದಿನದಿಂದ ಹುಡುಗಿಯು ಶಾಲೆ ಬಿಟ್ಟೊಡನೆ ನಮ್ಮ ಅಡಿಗೆಮನೆಗೆ ಬರತೊಡಗಿದಳು. ಒಲೆಯ ಬಳಿಯ ಬೆಚ್ಚನೆಯ ಮೂಲೆಯಲ್ಲಿ ಮಗಳ ಆಟದ ಕರಿಹಲಗೆಯನ್ನು ನಿಲ್ಲಿಸಿದೆವು. ಅವಳ ಪುಸ್ತಕವು ತಮಿಳು, ನಮ್ಮ ಬಾಯಲ್ಲಿ ಕನ್ನಡ, ಅವಳದು ಬಡಗ. ಮೂರರ ನಡುವೆ ಬೀಜಗಣಿತವು ಹೇಗೋ ದಾರಿ ಮಾಡಿಕೊಂಡಿತು. ಎಡವಿದಲ್ಲಿ ಎಲೆಕೋಸು ಆಲೂಗಡ್ಡೆಗಳೇ ಅಕ್ಷರಗಳಾದವು. ತಿಂಗಳು ತುಂಬುವುದರೊಳಗೆ ಇನ್ನಿಬ್ಬರು ಹುಡುಗಿಯರೂ ಒಬ್ಬ ಸಿಪಾಯಿಯ ಮಗನೂ ಸೇರಿದರು. ನಮ್ಮ ಮಗಳು ಬಾಗಿಲಲ್ಲಿ ನಿಂತು ಹಾಜರಿ ಕರೆಯುವಳು.

ಏಪ್ರಿಲಿನಲ್ಲಿ ನಾವು ಬೆಟ್ಟವನ್ನಿಳಿದೆವು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ದೂರವಾಣಿಯಲ್ಲಿ ಆ ತಾಯಿಯ ದನಿ: ಮಗಳು ತೇರ್ಗಡೆಯಾಗಿದ್ದಳು, ಗಣಿತದಲ್ಲಿಯೂ. ಅವಳು ಎಷ್ಟು ಅಂಕವೆಂಬುದನ್ನು ಎಣಿಕೆಯ ಮಾತುಗಳಲ್ಲಿ ಬಿಡಿಬಿಡಿಯಾಗಿ ಹೇಳಿದಳು, ಎಲೆಕೋಸನ್ನೆಣಿಸಿದಂತೆಯೇ.

ಮುಂದಿನ ಊರಿನ ಶಾಲೆಯೊಂದರಲ್ಲಿ ಕೆಲಸಕ್ಕಾಗಿ ಕುಳಿತಾಗ ಸಂದರ್ಶಕರು ನೀಲಿ ಕಡತವನ್ನು ಮಗುಚಿ, "೨೦೧೪ರಿಂದ ೧೫ರವರೆಗೆ ಇಲ್ಲಿ ಏನೂ ಇಲ್ಲವಲ್ಲ, ಆಗ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ನಾವು, "ಏನೂ ಇಲ್ಲ, ಮನೆಯಲ್ಲಿದ್ದೆವು" ಎಂದೆವು. ಕೆಲಸವು ದೊರೆಯಿತು, ಮತ್ತೆ ಮೊದಲ ಮೆಟ್ಟಿಲಿನ ಸಂಬಳಕ್ಕೆ. ಆದರೆ ಆ ಉತ್ತರವು ನಮ್ಮನ್ನು ಬಹುದಿನ ಚುಚ್ಚಿತು. ಇತರರು ನಮ್ಮ ವರ್ಷಗಳನ್ನು ಎಣಿಸಲಿಲ್ಲವೆಂದು ಕೊರಗುತ್ತಿದ್ದ ನಾವೇ, ಎಲ್ಲಕ್ಕಿಂತ ಚೆನ್ನಾಗಿ ದುಡಿದ ತಿಂಗಳುಗಳನ್ನು ಎಣಿಸದೆ ಬಿಟ್ಟಿದ್ದೆವು!

ಇಂತಹ ಬಾಳಿಗೆ ಕಾಲಿಡುವ ಸೋದರಿಯರಿಗೆ ಅನುಭವದ ಎರಡು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಊರು ಬಿಡುವ ಮುನ್ನವೇ ಅನುಭವಪತ್ರವನ್ನು ಕೈಯಾರೆ ಪಡೆಯಿರಿ. ಅಂಚೆಯಲ್ಲಿ ಬರುವುದೆಂದು ನಂಬಬೇಡಿ. ೨೦೧೧ರಲ್ಲಿ ಮೊದಲಾದ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು ಮುಗಿಸಿಕೊಳ್ಳಿರಿ. ಏಳು ವರ್ಷಗಳಿಗಿದ್ದ ಅದರ ಮಾನ್ಯತೆಯನ್ನು ೨೦೨೧ರಲ್ಲಿ ಜೀವಾವಧಿಗೆ ವಿಸ್ತರಿಸಿದ್ದಾರೆ. ೧೯೬೩ರಲ್ಲಿ ಸೇನೆಯ ಶಾಲೆಗಳನ್ನು ಕೂಡಿಸಿಕೊಂಡೇ ಆರಂಭವಾದ ಕೇಂದ್ರೀಯ ವಿದ್ಯಾಲಯಗಳಲ್ಲಿ ಖಾಯಂ ಕೆಲಸ ದೊರೆತರೆ ವರ್ಗಾವಣೆಯನ್ನು ಕೇಳುವ ದಾರಿಯುಂಟು. ೧೯೮೩ರಲ್ಲಿ ಸ್ಥಾಪಿತವಾದ ಸೇನಾ ಕಲ್ಯಾಣ ಶಿಕ್ಷಣ ಸಂಘದ ಶಾಲೆಗಳು ಬಹುತೇಕ ದಂಡುಗಳಲ್ಲಿವೆ. ೨೦೧೪ರಿಂದ ಭವಿಷ್ಯನಿಧಿಗೆ ಒಂದೇ ಸಂಖ್ಯೆಯಿದೆ; ಶಾಲೆ ಬದಲಾದರೂ ಅದನ್ನು ಬಿಡಬೇಡಿ. ಅಮೇರಿಕಾ ದೇಶದಲ್ಲಿ ೨೦೨೩ರ ಜನವರಿಯಲ್ಲಿ ಒಂದು ಕಾನೂನು ಬಂದಿದೆ. ಸೈನಿಕರ ಪತ್ನಿಯರು ಅಥವಾ ಪತಿಯರು ಒಂದು ಸಂಸ್ಥಾನದಲ್ಲಿ ಪಡೆದ ವೃತ್ತಿಯ ಪರವಾನಗಿಗಳಲ್ಲಿ ಬಹುಪಾಲನ್ನು ವರ್ಗವಾದ ಸಂಸ್ಥಾನವೂ ಮಾನ್ಯಮಾಡಬೇಕು. ದುಡಿದ ವರ್ಷಗಳೂ ಹಾಗೆಯೇ ಊರಿನಿಂದೂರಿಗೆ ಜೊತೆಯಲ್ಲಿ ಬರುವಂತಾದರೆ ಎಷ್ಟು ಒಳ್ಳೆಯದು!

ಇದನ್ನು ಬರೆಯುತ್ತಿರುವಾಗಲೂ ಪಡಸಾಲೆಯಲ್ಲಿ ಕರಿಯ ಪೆಟ್ಟಿಗೆಗಳು ಬಾಯಿ ತೆರೆದು ಕುಳಿತಿವೆ. ನೀಲಿ ಕಡತದಲ್ಲಿ ಈಗ ಏಳು ಶಾಲೆಗಳ ಪತ್ರಗಳಿವೆ. ಯಾವುದೂ ಮೂರು ವರ್ಷವನ್ನು ಮುಟ್ಟಿಲ್ಲ. ಬೆಳಗಾವಿಯ ಪತ್ರಕ್ಕೂ ಅದರ ಮುಂದಿನದಕ್ಕೂ ನಡುವೆ ನಾವು ಒಂದು ಹಾಳೆಯನ್ನು ಸೇರಿಸಿದ್ದೇವೆ. ಅದರ ಮೇಲೆ ಯಾರ ಮುದ್ರೆಯೂ ಇಲ್ಲ. ನಮ್ಮ ಕೈಯಕ್ಷರದಲ್ಲಿ, "ವೆಲಿಂಗ್ಟನ್, ೨೦೧೪–೧೫. ಗಣಿತ. ವಿದ್ಯಾರ್ಥಿಗಳು ನಾಲ್ವರು" ಎಂದಿದೆ. ಮುಂದಿನ ಊರಿನಲ್ಲಿ ಯಾರಾದರೂ ಕೇಳಿದರೆ ಈ ಸಲ ಸರಿಯಾದ ಉತ್ತರವನ್ನೇ ಕೊಡುತ್ತೇವೆ.